ಮಳೆಗಾಲದಲ್ಲಿ ಜಾಮ್ ಆದ ಶುಕ್ರ
ಮಗಳಿಗೆ ಅಂತ ಮರದ ಸೌರಮಂಡಲ ಮಾಡಿದ್ದೆ, ಹ್ಯಾಂಡಲ್ ತಿರುಗಿಸಿದ್ರೆ ಗ್ರಹ ಸುತ್ತೋ ಥರದ್ದು. ಬೇಸಿಗೇಲಿ ಸರಿ ಇತ್ತು, ದಾವಣಗೆರೇಲಿ ಮಳೆ ಹಿಡಿದಿದ್ದೇ ತಡ ಶುಕ್ರನ ಗೇರ್ ಜಾಮ್. ಹಲಗೆ ತೇವ ಕುಡಿದ್ರೆ ಎಳೆಗೆ ಅಡ್ಡವಾಗಿ ಉಬ್ಬುತ್ತೆ, ಉದ್ದಕ್ಕೆ ಉಬ್ಬೋದು ಬಹಳ ಕಮ್ಮಿ, ಹಂಗಾಗಿ ದುಂಡಗಿದ್ದ ಚಕ್ರ ಮೊಟ್ಟೆ ಆಗ್ಬಿಡುತ್ತೆ. ಪ್ಲೈವುಡ್‌ನಲ್ಲಿ ಪದರ ಒಂದಕ್ಕೊಂದು ಅಡ್ಡ ಇರೋದ್ರಿಂದ ಆ ಕಾಟ ಕಮ್ಮಿ, ಅದ್ರಲ್ಲೇ ಹೊಸದಾಗಿ ಕಟ್ ಮಾಡ್ಸಿದೆ.

ಹಲ್ಲಿನ ಲೆಕ್ಕ ಮಜಾ ಇದೆ. ಭೂಮಿ 8 ಸುತ್ತು ಹಾಕೋದ್ರೊಳಗೆ ಶುಕ್ರ ಹೆಚ್ಚುಕಮ್ಮಿ 13 ಸುತ್ತು, ಅದಕ್ಕೆ ಶುಕ್ರನಿಗೆ 26-16 ಹಲ್ಲಿನ ಜೋಡಿ, ಭೂಮಿಗೆ 21-21, ಯಾವ ಜೋಡಿಯ ಹಲ್ಲು ಕೂಡಿದ್ರೂ 42 ಬರುತ್ತೆ ನೋಡಿ, ಹಂಗಾಗಿ ಎರಡು ಜೋಡೀಲೂ ಚಕ್ರಗಳ ನಡುವಿನ ದೂರ ಒಂದೇ, ಎರಡಕ್ಕೂ ಸೇರಿ ಪಕ್ಕದಲ್ಲಿ ಒಂದೇ ಶಾಫ್ಟ್ (ಚಕ್ರ ಕೂರಿಸೋ ತಿರುಗೋ ಕಡ್ಡಿ) ಸಾಕು. ಎಣ್ಣೆ ಮಾತ್ರ ಹಾಕ್ಬೇಡಿ ಮಾರಾಯ್ರೆ, ಧೂಳು ಹಿಡಿಯುತ್ತೆ. ಪೆನ್ಸಿಲ್ ಕಡ್ಡಿ ಪುಡಿ ಸವರಿದೆ, ಸಲೀಸಾಗಿ ತಿರುಗ್ತಿದೆ.