ಗಲ್ಫ್ ಮರುಭೂಮಿ ಕ್ಯಾಂಪಲ್ಲಿ ಒಂಟೆ ಜೇಡ ಎದುರಾದ್ರೆ ಏನು ಮಾಡ್ಬೇಕು

2016ರ ಮೇ ತಿಂಗಳು. ಸೌದಿಯ ಹಫೂಫ್ ಪಟ್ಟಣದಿಂದ ದಕ್ಷಿಣಕ್ಕೆ ಎರಡು ಗಂಟೆ ದಾರಿ, ಸುತ್ತ ಎಲ್ಲಿ ನೋಡಿದ್ರೂ ಹೊಯಿಗೆ, ಮಧ್ಯದಲ್ಲಿ ನಮ್ಮ ಪೈಪ್‌ಲೈನ್ ಕೆಲಸದ ಕ್ಯಾಂಪು. ಊರಿಂದ ಬಂದು ಹನ್ನೊಂದೇ ದಿನ ಆಗಿತ್ತು. ರಾತ್ರಿ ಒಂದೂವರೆಗೆ ಎಚ್ಚರ ಆಗಿ ಬಾತ್‌ರೂಮಿಗೆ ಅಂತ ಹೊರಗೆ ಬಂದೆ, ಕಾಲಲ್ಲಿ ಬರೀ ಹವಾಯಿ ಚಪ್ಪಲಿ. ಟಾಯ್ಲೆಟ್ ಬ್ಲಾಕಿನ ಗೋಡೆಗೆ ದೊಡ್ಡ ಬಿಳಿ ಲೈಟ್ ಉಂಟು, ಅದರ ಕೆಳಗೆ ಪತಂಗ, ಜೀರುಂಡೆ ಎಲ್ಲ ರಾಶಿ ಬಿದ್ದಿರ್ತವೆ, ಆ ರಾಶಿ ಮಧ್ಯದಿಂದ ಒಣ ಬೈಹುಲ್ಲಿನ ಬಣ್ಣದ್ದು ಎಂತದೋ ಒಂದು ಎದ್ದು ಸೀದಾ ನನ್ನ ಕಡೆ ಓಡಿ ಬಂತು. ನನ್ನ ಅಂಗೈಯಷ್ಟು ಅಗಲ, ಕಾಲು ತುಂಬ ರೋಮ, ಮುಂದೆ ಏಡಿಯ ಕೊಂಬಿನ ಹಾಗೆ ಎರಡು ದವಡೆ. ನಾನು ತಿರುಗಿ ಓಡಿದೆ, ಅದೂ ಹಿಂದೆಯೇ ಓಡಿ ಬಂತು. ಎಡಕ್ಕೆ ಹೋದ್ರೆ ಎಡಕ್ಕೆ, ಬಲಕ್ಕೆ ಹೋದ್ರೆ ಬಲಕ್ಕೆ. ಆ ಹೆದರಿಕೆ ಎಂತದ್ದು ಅಂತ ಅನುಭವಿಸಿದವ್ರಿಗೇ ಗೊತ್ತು ಮಾರಾಯ್ರೆ, ಬೆಳಿಗ್ಗೆ ತನಕ ಮಂಚದ ಮೇಲೆ ಕಾಲು ಮಡಚಿಕೊಂಡು ಕೂತಿದ್ದೆ.

ಮರುದಿನ ನಮ್ಮ ಜೊತೆ ಇದ್ದ ಸುಡಾನಿನ ಹಿರಿಯ ಎಲೆಕ್ಟ್ರಿಷಿಯನ್ ಒಬ್ರು ನನ್ನನ್ನ ಅದೇ ಜಾಗಕ್ಕೆ ಕರ್ಕೊಂಡು ಹೋಗಿ ಹೇಳಿದ್ರು, ಅದು ನಿನ್ನನ್ನ ಅಟ್ಟಿಸಿಕೊಂಡು ಬಂದದ್ದಲ್ಲ, ನಿನ್ನ ನೆರಳನ್ನ ಹಿಡೀಲಿಕ್ಕೆ ಬಂದದ್ದು ಅಂತ. ಲೈಟು ನನ್ನ ಬೆನ್ನ ಹಿಂದೆ ಇತ್ತು, ನೆರಳು ಉದ್ದಕ್ಕೆ ಮುಂದೆ ಬಿದ್ದಿತ್ತು, ಅದಕ್ಕೆ ಬೆಳಕು ಆಗುವುದಿಲ್ಲ, ಕತ್ತಲೆ ಎಲ್ಲಿ ಉಂಟೋ ಅಲ್ಲಿಗೆ ನುಗ್ತದೆ. ನಾನು ಓಡಿದಷ್ಟೂ ನೆರಳೂ ಓಡ್ತದೆ, ಅದೂ ಓಡ್ತದೆ. ಇದೊಂದು ವಿಷಯ ಊರಲ್ಲಿ ಇರುವಾಗಲೇ ಯಾರಾದ್ರೂ ಹೇಳಿದ್ರೆ ನಾನು ಅಷ್ಟು ಹೆದರ್ತಿರ್ಲಿಲ್ಲ. ಅದಕ್ಕೇ ಈಗ ಬರೀತಾ ಇದ್ದೇನೆ, ನಮ್ಮ ಉಡುಪಿ, ಮಂಗಳೂರು, ಭಟ್ಕಳ ಕಡೆಯಿಂದ ಹೊಸದಾಗಿ ಸೈಟ್ ಕೆಲಸಕ್ಕೆ ಬರುವ ಹುಡುಗರಿಗೆ ಉಪಯೋಗ ಆಗ್ಲಿ ಅಂತ.

ಮೊದಲು ಅದು ಎಂತ ಅಂತ ಗೊತ್ತಿರ್ಲಿ. ಒಂಟೆ ಜೇಡ ಅಂತ ಕರೀತಾರೆ, ಅರಬ್ಬಿಯಲ್ಲಿ ಇಲ್ಲಿಯವ್ರು ಅಬು ಶಬತ್ ಅಂತಾರೆ, ಆದ್ರೆ ಅದು ಜೇಡವೂ ಅಲ್ಲ ಚೇಳೂ ಅಲ್ಲ, ಅವೆರಡಕ್ಕೂ ದೂರದ ನೆಂಟ. ಸಾಲಿಫ್ಯೂಜೀ ಅಂತ ಬೇರೆಯೇ ಗುಂಪು, ಲ್ಯಾಟಿನಲ್ಲಿ ಅದರ ಅರ್ಥವೇ ಸೂರ್ಯನಿಂದ ಓಡುವವು ಅಂತ. ಜಗತ್ತಲ್ಲಿ ಸಾವಿರಕ್ಕೂ ಮಿಕ್ಕಿ ಜಾತಿ ಉಂಟು, ನಮ್ಮ ರಾಜಸ್ಥಾನ, ಗುಜರಾತಲ್ಲೂ ಉಂಟು. ನೋಡಿದ್ರೆ ಹತ್ತು ಕಾಲು ಇದ್ದ ಹಾಗೆ ಕಾಣ್ತದೆ, ಆದ್ರೆ ಕಾಲು ಎಂಟೇ, ಮುಂದಿನ ಎರಡು ಕಾಲಲ್ಲ, ತಡಕಾಡ್ಲಿಕ್ಕೆ ಮತ್ತು ಬೇಟೆ ಹಿಡೀಲಿಕ್ಕೆ ಇರುವ ಕೈ ಇದ್ದ ಹಾಗೆ. ಆ ಕೈಯ ತುದಿಯಲ್ಲಿ ಅಂಟುವ ಭಾಗ ಉಂಟು, ಅದರ ಸಹಾಯದಿಂದ ನುಣುಪಾದ ಗಾಜನ್ನೂ ಹತ್ತಬಲ್ಲದು, ಇದನ್ನ ನೆನಪಿಡಿ, ಹಿಡಿಯುವಾಗ ಬೇಕಾಗ್ತದೆ. ಕಾಲು ಬಿಡಿಸಿ ನಿಂತ್ರೆ ದೊಡ್ಡದು 12ರಿಂದ 15 ಸೆಂಟಿಮೀಟರ್, ಅದಕ್ಕಿಂತ ಹೆಚ್ಚಿಲ್ಲ. ವಿಷ ಇಲ್ಲ. ಚೇಳಿನ ಹಾಗೆ ಕೊಂಡಿಯೂ ಇಲ್ಲ. ತೀರಾ ಹತ್ತಿರ ಹೋಗಿ ಕೆಣಕಿದ್ರೆ ದವಡೆ ಒಂದಕ್ಕೊಂದು ಉಜ್ಜಿ ಹಲ್ಲು ಕಡಿದ ಹಾಗೆ ಕರ್ ಕರ್ ಅಂತ ಸದ್ದು ಮಾಡ್ತದೆ, ಅಂದ್ರೆ ದೂರ ಹೋಗು ಅಂತ, ಅಷ್ಟೆ.

ಕ್ಯಾಂಪಲ್ಲಿ ಇದರ ಬಗ್ಗೆ ಕೇಳುವ ಕಥೆಗಳಿಗೆ ಲೆಕ್ಕ ಇಲ್ಲ. ಮಲಗಿದವ್ರ ಮೈಗೆ ಮರಗಟ್ಟುವ ಔಷಧಿ ಬಿಟ್ಟು ಮಾಂಸ ತಿಂತದೆ, ಒಂಟೆಯ ಹೊಟ್ಟೆ ಬಗೆದು ಮೊಟ್ಟೆ ಇಡ್ತದೆ, ಆಳೆತ್ತರ ಹಾರ್ತದೆ, ಜೀಪಿನಷ್ಟು ಸ್ಪೀಡಲ್ಲಿ ಓಡ್ತದೆ. ಯಾವುದೂ ನಿಜ ಅಲ್ಲ. ಮೊಟ್ಟೆ ಇಡುವುದು ನೆಲದಲ್ಲಿ ತೋಡಿದ ಬಿಲದಲ್ಲಿ. ಒಂಟೆಯ ನೆರಳಲ್ಲಿ ನಿಲ್ತದೆ, ಅದರಿಂದ ಹುಟ್ಟಿದ ಕಥೆ ಇರ್ಬೇಕು ಅಂತ ನನ್ನ ಅಂದಾಜು. ಓಡುವ ವೇಗ ಜಾಸ್ತಿ ಅಂದ್ರೆ ಗಂಟೆಗೆ 16 ಕಿಲೋಮೀಟರ್ ಅಂತಾರೆ, ಅದೂ ಸ್ವಲ್ಪ ದೂರ ಮಾತ್ರ. 1991ರ ಗಲ್ಫ್ ಯುದ್ಧದ ಟೈಮಲ್ಲಿ ಸೈನಿಕರ ಬಾಯಲ್ಲಿ ಈ ಕಥೆಗಳು ಬೆಳೆದವು, ಮತ್ತೆ 2004ರ ಹೊತ್ತಿಗೆ ಇರಾಕಿಂದ ಒಂದು ಫೋಟೊ ಇಡೀ ಲೋಕ ಸುತ್ತಿತು, ಒಂದಕ್ಕೊಂದು ಕಚ್ಚಿಕೊಂಡ ಎರಡು ಒಂಟೆ ಜೇಡಗಳನ್ನ ಕ್ಯಾಮೆರಾದ ಹತ್ತಿರವೇ ನೇತಾಡ್ಸಿ ಹಿಡಿದು ತೆಗೆದದ್ದು, ಹಿಂದೆ ಸೈನಿಕನ ಕಾಲು ಚಿಕ್ಕದಾಗಿ ಕಾಣ್ತದೆ, ಹಾಗಾಗಿ ಅವು ಮನುಷ್ಯನ ತೊಡೆಯಷ್ಟು ಉದ್ದ ಅಂತ ಅನಿಸ್ತದೆ. ಆ ಫೋಟೊ ಈಗಲೂ ವಾಟ್ಸಾಪಲ್ಲಿ ಬರ್ತಾ ಉಂಟು.

ಸರಿ, ಈಗ ಎದುರಾದ್ರೆ ಎಂತ ಮಾಡುವುದು. ಓಡ್ಬೇಡಿ, ಇದು ಮೊದಲನೆಯದ್ದು, ಮತ್ತೆ ಇದೇ ಎಲ್ಲಕ್ಕಿಂತ ಕಷ್ಟದ್ದು. ನನ್ನ ಮರುವರ್ಷ ಬಂದ ಒಬ್ಬ ಹುಡುಗ ಹೀಗೇ ಹೆದರಿ ಕತ್ತಲೆಯಲ್ಲಿ ಓಡಿ ಕ್ಯಾಬಿನಿನ ಕಬ್ಬಿಣದ ಮೆಟ್ಟಿಲ ಮೇಲೆ ಬಿದ್ದು ಮಣಿಕಟ್ಟು ಮುರ್ಕೊಂಡ, ಆರು ವಾರ ಪ್ಲಾಸ್ಟರ್, ಅಷ್ಟು ದಿನದ ಓವರ್‌ಟೈಮ್ ದುಡ್ಡು ಹೋಯ್ತು, ಮನೆಗೆ ಕಳಿಸ್ಲಿಕ್ಕೆ ಇಲ್ಲ ಅಂತ ಕಣ್ಣೀರು ಹಾಕಿದ್ದು ನಾನು ನೋಡಿದ್ದೇನೆ. ಆ ಪ್ರಾಣಿ ಅವನನ್ನ ಮುಟ್ಟಿಯೂ ಇರ್ಲಿಲ್ಲ. ಹಾಗಾಗಿ ಅದು ನಿಮ್ಮ ಕಡೆ ಬಂದ್ರೆ ಲೈಟು ಯಾವ ಕಡೆ ಉಂಟು ಅಂತ ನೋಡಿ, ನಿಮ್ಮ ನೆರಳು ಅದರ ದಾರಿಯಿಂದ ಪಕ್ಕಕ್ಕೆ ಹೋಗುವ ಹಾಗೆ ಲೈಟಿನ ಕಡೆಗೇ ಎರಡು ಹೆಜ್ಜೆ ಇಡಿ. ಕೈಯಲ್ಲಿ ಟಾರ್ಚ್ ಇದ್ರೆ ಅದರ ಮೇಲೆಯೇ ಬಿಟ್ಟು ನಿಲ್ಬೇಡಿ, ಗಾಬರಿಗೆ ಎಲ್ಲಿ ಕತ್ತಲೆ ಸಿಕ್ತದೋ ಅಲ್ಲಿಗೆ ನುಗ್ತದೆ, ಅದು ನಿಮ್ಮ ಕಾಲ ಸಂದಿಯೂ ಆಗಬಹುದು. ಒಂದು ಕ್ಷಣ ನಿಂತು ಅದಕ್ಕೆ ದಾರಿ ಬಿಟ್ರೆ ಹೆಚ್ಚಿನ ಸಲ ಅದರ ಪಾಡಿಗೆ ಅದು ಹೋಗ್ತದೆ.

ಕ್ಯಾಬಿನ್ ಒಳಗೆ ಬಂದಿದ್ರೆ ಬೇರೆ ವಿಷಯ. ಬಾಗಿಲು ಹಾಕ್ಕೊಂಡು ಸ್ಪ್ರೇ ಹೊಡೆಯುವವ್ರು ಉಂಟು, ದಯವಿಟ್ಟು ಮಾಡ್ಬೇಡಿ, ಆರು ಜನ ಮಲಗುವ ಕೋಣೆಯಲ್ಲಿ ಅರ್ಧ ಡಬ್ಬಿ ಸ್ಪ್ರೇ ಖಾಲಿ ಮಾಡಿದ್ರೆ ಕೆಮ್ಮಿ ಸಾಯುವುದು ನಾವೇ, ಅದು ಇನ್ನೂ ಹುಚ್ಚು ಹಿಡಿದ ಹಾಗೆ ಓಡ್ತದೆ. ಬದಲಿಗೆ ಹೊರಗಿನ ಲೈಟ್ ಆಫ್ ಮಾಡಿ, ಒಳಗಿನದ್ದು ಆನ್ ಇಡಿ, ಬಾಗಿಲು ಪೂರ್ತಿ ತೆಗೀರಿ, ಹೊರಗೆ ಕತ್ತಲೆ ಕಂಡ್ರೆ ತಾನಾಗಿಯೇ ಹೋಗುವ ಚಾನ್ಸ್ ಉಂಟು. ಹೋಗ್ಲಿಲ್ಲ ಅಂದ್ರೆ ಹಿಡೀಬೇಕು. ನಾವು ಇಟ್ಕೊಂಡದ್ದು ಬಿರಿಯಾನಿ ಪಾರ್ಸಲ್ ಬರುವ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಮತ್ತು ಒಂದು ದಪ್ಪ ರಟ್ಟು. ಸೇಫ್ಟಿ ಶೂ ಹಾಕಿ, ಲೆದರ್ ಗ್ಲೌಸ್ ಹಾಕಿ, ಅದು ಮೂಲೆಗೆ ಸೇರಿ ನಿಂತ ಹೊತ್ತಿಗೆ ಡಬ್ಬಿಯನ್ನ ಮೇಲಿಂದ ಕವುಚಿ, ರಟ್ಟನ್ನ ಅಡಿಯಿಂದ ನಿಧಾನ ತಳ್ಳಿ, ಕಾಲು ಸಿಕ್ಕಿಕೊಳ್ಳದ ಹಾಗೆ. ರಟ್ಟು ಒತ್ತಿ ಹಿಡಿದೇ ಎತ್ತಬೇಕು, ಡಬ್ಬಿಯ ಗೋಡೆ ಅದಕ್ಕೆ ಲೆಕ್ಕ ಇಲ್ಲ, ಕ್ಷಣದಲ್ಲಿ ಮೇಲೆ ಬರ್ತದೆ ಅಂತ ಆಗಲೇ ಹೇಳಿದೆ. ಐವತ್ತು ಅರವತ್ತು ಹೆಜ್ಜೆ ದೂರ, ಲೈಟ್ ಇಲ್ಲದ ಕಡೆ, ಕಲ್ಲು ಅಥವಾ ಪೊದೆ ಹತ್ತಿರ ನೆಲಕ್ಕೆ ಇಟ್ಟು ಡಬ್ಬಿ ಓರೆ ಮಾಡಿ ಹಿಂದೆ ಸರೀರಿ.

ಕೊಲ್ಲಬಾರದಾ ಅಂತ ಕೇಳ್ತಾರೆ. ಕೊಲ್ಲಬೇಡಿ ಅಂತಲೇ ನಾನು ಹೇಳುವುದು. ಅದು ಹುಳು, ಜೀರುಂಡೆ, ಸಣ್ಣ ಹಲ್ಲಿ, ಸಿಕ್ಕಿದ್ರೆ ಚೇಳನ್ನೂ ತಿಂತದೆ, ಚೇಳು ತಿನ್ನುವುದು ನಮ್ಮ ಪಕ್ಕ ಇರುವುದು ಒಳ್ಳೆಯದಲ್ವಾ. ಒಂದು ಸಲ ಜನರೇಟರ್ ಶೆಡ್ಡಿನ ಹತ್ತಿರ ಅದು ಒಂದು ಜೀರುಂಡೆ ತಿನ್ನುವುದನ್ನ ಕೂತು ನೋಡಿದ್ದೇನೆ, ಎರಡು ದವಡೆಯೂ ಗರಗಸದ ಹಾಗೆ ಒಂದು ಮುಂದೆ ಒಂದು ಹಿಂದೆ ಹೋಗ್ತಾ ಹೋಗ್ತಾ ಅಷ್ಟು ಗಟ್ಟಿ ಚಿಪ್ಪಿನ ಹುಳವನ್ನ ಎರಡು ಮೂರು ನಿಮಿಷದಲ್ಲಿ ಮುದ್ದೆ ಮಾಡಿತು, ನೆಲದಲ್ಲಿ ಉಳಿದದ್ದು ರೆಕ್ಕೆಯ ಎರಡು ಚೂರು ಮಾತ್ರ. ಅವತ್ತಿಂದ ನನಗೆ ಅದರ ಮೇಲೆ ಹೆದರಿಕೆ ಹೋಗಿ ಒಂದು ಗೌರವ ಬಂತು.

ಕಚ್ಚಿದ್ರೆ? ಅಪರೂಪ, ಆದ್ರೆ ಕಚ್ತದೆ, ನೋವು ಜೋರು, ರಕ್ತವೂ ಬರ್ಬಹುದು. ಸೋಪು ನೀರಲ್ಲಿ ಚೆನ್ನಾಗಿ ತೊಳೀರಿ, ಐದು ನಿಮಿಷ ನಲ್ಲಿ ಕೆಳಗೆ ಹಿಡೀರಿ, ಆಂಟಿಸೆಪ್ಟಿಕ್ ಹಚ್ಚಿ, ಕ್ಯಾಂಪ್ ಕ್ಲಿನಿಕಲ್ಲಿ ಟಿಟಿ ಇಂಜೆಕ್ಷನ್ ಬೇಕಾ ಕೇಳಿ. ಆಮೇಲೆ ಎರಡು ಮೂರು ದಿನ ಗಮನ ಇಡಿ, ಕೆಂಪು ಹರಡಿದ್ರೆ, ಬಿಸಿ ಆದ್ರೆ, ಕೀವು ಬಂದ್ರೆ ಡಾಕ್ಟರಿಗೆ ತೋರ್ಸಿ. ವಿಷ ಇಲ್ಲದಿದ್ರೂ ಗಾಯ ಗಾಯವೇ.

ನಿಜವಾಗಿ ಹೆದರ್ಬೇಕಾದ್ದು ಚೇಳಿಗೆ. ಇದನ್ನ ನಾನು ಎಷ್ಟು ಸಲ ಹೇಳಿದ್ರೂ ಕಡಿಮೆ. ಒಂಟೆ ಜೇಡ ದೊಡ್ಡದು, ಕಾಣ್ತದೆ, ಓಡ್ತದೆ, ಎಲ್ಲರೂ ಕೂಗ್ತಾರೆ, ಚೇಳು ಚಿಕ್ಕದು, ಸುಮ್ಮನೆ ಶೂ ಒಳಗೆ ಕೂತಿರ್ತದೆ. ಇಲ್ಲಿ ಎರಡು ತರದ್ದನ್ನ ಗುರ್ತು ಇಟ್ಕೊಳ್ಳಿ. ಒಂದು ಹಳದಿ, ತೆಳು ಕೊಂಬು, ಸಪೂರ ಮೈ, ಡೆತ್‌ಸ್ಟಾಕರ್ ಅಂತಾರೆ. ಇನ್ನೊಂದು ಕಪ್ಪು, ಬಾಲ ದಪ್ಪ. ಎರಡರ ವಿಷವೂ ಜೀವಕ್ಕೆ ಅಪಾಯ, ಮಕ್ಕಳಿಗೆ ಮತ್ತು ವಯಸ್ಸಾದವ್ರಿಗೆ ಇನ್ನೂ ಜಾಸ್ತಿ. ಕೊಂಬು ಸಪೂರ ಬಾಲ ದಪ್ಪ ಇದ್ರೆ ವಿಷ ಜೋರು ಅಂತ ಇಲ್ಲಿ ಹಳಬರು ಹೇಳುವುದು ಹೆಚ್ಚಿನ ಸಲ ಸರಿ ಆಗ್ತದೆ, ಆದ್ರೆ ಅದನ್ನೇ ನಂಬಿ ಯಾವ ಚೇಳನ್ನೂ ಮುಟ್ಬೇಡಿ.

ಚೇಳು ಹುಡುಕ್ಲಿಕ್ಕೆ ಒಂದು ಒಳ್ಳೆ ಉಪಾಯ ಉಂಟು. ಅಂಗಡಿಯಲ್ಲಿ ನೋಟು ಅಸಲಿಯಾ ಅಂತ ನೋಡ್ಲಿಕ್ಕೆ ಹಿಡಿಯುವ ನೇರಳೆ ಲೈಟ್ ಉಂಟಲ್ಲ, ಅಂಥ ಯುವಿ ಟಾರ್ಚ್ ಒಂದು ತಗೊಳ್ಳಿ. ಕತ್ತಲೆಯಲ್ಲಿ ಅದನ್ನ ಬಿಟ್ರೆ ಚೇಳು ಹಸಿರು ನೀಲಿಯಾಗಿ ಫಳ ಫಳ ಹೊಳೀತದೆ, ಹತ್ತು ಹೆಜ್ಜೆ ದೂರದಿಂದಲೂ ಕಾಣ್ತದೆ. ಆಗಷ್ಟೇ ಪೊರೆ ಬಿಟ್ಟದ್ದು ಮಾತ್ರ ಹೊಳೆಯುವುದಿಲ್ಲ. ಮಲಗುವ ಮುಂಚೆ ಮಂಚದ ಕೆಳಗೆ, ಬ್ಯಾಗಿನ ಪಕ್ಕ, ಬಾತ್‌ರೂಮಿನ ಮೂಲೆ ಒಂದು ಸುತ್ತು ಹೊಡೀರಿ. ಒಂಟೆ ಜೇಡ ಹೀಗೆ ಹೊಳೆಯುವುದಿಲ್ಲ, ಅದಕ್ಕೆ ಸಾದಾ ಟಾರ್ಚೇ ಬೇಕು.

ಚೇಳು ಕುಟುಕಿದ್ರೆ ಕೊಯ್ಯುವುದು, ಬಾಯಲ್ಲಿ ಹೀರುವುದು, ಹಗ್ಗ ಬಿಗಿದು ಕಟ್ಟುವುದು, ಊರಿನ ಮದ್ದು ಹಚ್ಚುವುದು, ಏನೂ ಬೇಡ. ಉಂಗುರ, ವಾಚು ಬಿಚ್ಚಿ, ಆ ಕೈಯೋ ಕಾಲೋ ಅಲ್ಲಾಡ್ಸದೆ ಇಡಿ, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಸೀದಾ ಆಸ್ಪತ್ರೆ. ಬೆವರು ಸುರಿಯುವುದು, ಜೊಲ್ಲು ಜಾಸ್ತಿ ಬರುವುದು, ವಾಂತಿ, ಮೈ ಅದುರುವುದು, ಉಸಿರು ಕಟ್ಟುವುದು ಇವೆಲ್ಲ ವಿಷ ಏರಿದ ಲಕ್ಷಣ, ಬರ್ಲಿ ನೋಡುವ ಅಂತ ಕಾಯ್ಬೇಡಿ. ಚೇಳಿನ ವಿಷಕ್ಕೆ ಆಂಟಿವೆನಮ್ ರಿಯಾದಲ್ಲೇ ತಯಾರಾಗ್ತದೆ. ಅರಬ್ಬಿ ಬಾರದಿದ್ರೆ ಒಂದೇ ಶಬ್ದ ನೆನಪಿಡಿ, ಅಕ್ರಬ್, ಅಂದ್ರೆ ಚೇಳು. ಆಂಬುಲೆನ್ಸಿಗೆ ಸೌದಿಯಲ್ಲಿ 997, ಯುಎಇಯಲ್ಲಿ 998, ಒಮಾನಲ್ಲಿ 9999, ಕುವೈತಲ್ಲಿ 112, ಕತಾರ್ ಮತ್ತು ಬಹರೈನಲ್ಲಿ 999. ಫೋನಲ್ಲಿ ಸೇವ್ ಮಾಡಿ, ಮತ್ತೆ ಬಾಗಿಲ ಹಿಂದೆ ಬರೆದು ಅಂಟ್ಸಿ, ಆ ಹೊತ್ತಿಗೆ ಯಾರಿಗೂ ನಂಬರ್ ನೆನಪಾಗುವುದಿಲ್ಲ.

ಇನ್ನು ಒಂಟೆ ಜೇಡ, ಚೇಳು ಎರಡೂ ಒಳಗೆ ಬರದ ಹಾಗೆ ಮಾಡುವುದು. ಬಾಗಿಲ ಅಡಿಯ ಸಂದಿ ನೋಡಿ, ಒಂದು ಬೆರಳು ತೂರಿದ್ರೆ ಇವೂ ತೂರ್ತವೆ, ರಬ್ಬರ್ ಪಟ್ಟಿ ಹೊಡೀರಿ, ಅದು ಸಿಗುವ ತನಕ ಹಳೆ ಟವೆಲ್ ಸುತ್ತಿ ಇಡಿ. ಎಸಿ ಪೈಪು ಗೋಡೆಯಿಂದ ಹೊರಗೆ ಹೋಗುವ ತೂತಿಗೆ ಫೋಮ್ ತುಂಬ್ಸಿ, ನಮ್ಮ ಕ್ಯಾಬಿನಿಗೆ ಎರಡು ಸಲ ಬಂದದ್ದು ಅಲ್ಲಿಂದಲೇ. ಬಾಗಿಲ ಮೇಲಿನ ಬಿಳಿ ಲೈಟ್ ತೆಗೆದು ಹಳದಿ ಬಲ್ಬ್ ಹಾಕ್ಲಿಕ್ಕೆ ಕ್ಯಾಂಪ್ ಬಾಸಿಗೆ ಹೇಳಿ, ಬಿಳಿ ಬೆಳಕಿಗೆ ಹುಳ ಬರ್ತದೆ, ಹುಳಕ್ಕೆ ಇವು ಬರ್ತವೆ, ನಾವು ಅದೊಂದು ಬದಲಾಯಿಸಿದ ಮೇಲೆ ತುಂಬ ಕಡಿಮೆ ಆಯ್ತು. ಮಂಚ ಗೋಡೆಯಿಂದ ಒಂದು ಗೇಣು ಈಚೆ ಇರ್ಲಿ, ಹೊದಿಕೆ ನೆಲಕ್ಕೆ ತಾಗ್ಬಾರ್ದು. ಕವರಾಲ್ ಮೊಳೆಗೆ ನೇತು ಹಾಕಿ, ಬೆಳಿಗ್ಗೆ ಕೊಡವಿ ಹಾಕ್ಕೊಳ್ಳಿ. ಶೂ ತಲೆಕೆಳಗು ಮಾಡಿ ಎರಡು ಸಲ ನೆಲಕ್ಕೆ ಬಡೀರಿ, ಕೈ ಒಳಗೆ ಹಾಕಿ ನೋಡ್ಬೇಡಿ. ಸೈಟಲ್ಲಿ ಪ್ಲೈವುಡ್, ಪೈಪು, ಸಿಮೆಂಟ್ ಚೀಲ ಎತ್ತುವಾಗ ಮೊದಲು ಕಬ್ಬಿಣದ ರಾಡಲ್ಲಿ ನಿಮ್ಮಿಂದ ಆಚೆ ಕಡೆಗೆ ಮಗುಚಿ, ಆಮೇಲೆ ಕೈ ಹಾಕಿ. ಬಿಸಿಲು ಜೋರಾದ ತಿಂಗಳಲ್ಲಿ ರಾತ್ರಿ ಹೊತ್ತು ಇವು ಜಾಸ್ತಿ, ಚಳಿಯಲ್ಲಿ ಕಾಣುವುದು ಅಪರೂಪ.

ಕೊನೆಗೆ ಫೋಟೊ ವಿಷಯ. ಊರಿಗೆ ಕಳಿಸುವವ್ರು ಪಕ್ಕದಲ್ಲಿ ಒಂದು ಪೆನ್ನೋ ನಾಣ್ಯವೋ ಇಟ್ಟು ತೆಗೀರಿ. ನಾನು ಮೊದಲ ಸಲ ಮೊಬೈಲ್ ಹತ್ತಿರ ಹಿಡಿದು ತೆಗೆದ ಫೋಟೊ ತಮ್ಮನಿಗೆ ಕಳಿಸಿದೆ, ಅವ ಅಮ್ಮನಿಗೆ ತೋರ್ಸಿದ, ಅಮ್ಮ ಮೂರು ದಿನ ಫೋನ್ ಮಾಡಿ ಕೆಲಸ ಬಿಟ್ಟು ಬಾ ಅಂತ ಅಳ್ತಾ ಇದ್ರು. ಆಮೇಲೆ ಡಬ್ಬಿಯಲ್ಲಿ ಹಿಡಿದದ್ದರ ಪಕ್ಕ ಬಾಲ್‌ಪೆನ್ ಇಟ್ಟು ಇನ್ನೊಂದು ತೆಗೆದು ಕಳಿಸಿದೆ, ಪೆನ್ನಿನಷ್ಟೂ ಉದ್ದ ಇರ್ಲಿಲ್ಲ. ಅದನ್ನ ನೋಡಿ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಶೂ ಕೊಡವಿ ಹಾಕ್ಕೊಳ್ತೀಯಲ್ವಾ ಮಗಾ ಅಂತ ಕೇಳಿದ್ರು.