ಹನ್ನೊಂದು ತಿಂಗಳ ಅಗ್ರಿಮೆಂಟ್, ಐದಕ್ಕೇ ಖಾಲಿ: ಅಡ್ವಾನ್ಸ್ ಬಿಡಿಸಿಕೊಂಡ ನನ್ನ ಅನುಭವ

ಅವಧಿಗೆ ಮುಂಚೆ ಮನೆ ಬಿಟ್ಟರೆ ಅಡ್ವಾನ್ಸ್ ಮರೆತುಬಿಡಿ ಸಾರ್ ಅಂದಿದ್ದ ಬ್ರೋಕರ್. ಆಫೀಸಿನಲ್ಲೂ ನಕ್ಕರು. ಈಗ ದುಡ್ಡು ನನ್ನ ಅಕೌಂಟಿನಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ದಾವಣಗೆರೆ ವಿದ್ಯಾನಗರದ ಮನೆ. ಬಾಡಿಗೆ 9 ಸಾವಿರದ ಆಸುಪಾಸು, ಅಡ್ವಾನ್ಸ್ 80 ಸಾವಿರ. 11 ತಿಂಗಳು ತುಂಬುವ ಮೊದಲು ಬಿಟ್ಟರೆ ಅಡ್ವಾನ್ಸ್ ಪೂರ್ತಿ ಮುಟ್ಟುಗೋಲು ಅಂತ ಷರತ್ತು. ಐದನೇ ತಿಂಗಳಿಗೆ ಚಿತ್ರದುರ್ಗಕ್ಕೆ ಟ್ರಾನ್ಸ್‌ಫರ್.

ಫೋನ್ ಮಾಡಿದರೆ ಓನರ್ ಎತ್ತಲಿಲ್ಲ. ಠಾಣೆಯಲ್ಲಿ ಇದು ಸಿವಿಲ್ ಮ್ಯಾಟರ್ ಅಂದರು, ಅದು ನಿಜಾನೇ. ಓಣಿಯ ಹಿರಿಯರನ್ನು ಕರೆದು ಮಾತಾಡಿಸಿದೆ, ಟೀ ಖರ್ಚಾಯಿತು ಅಷ್ಟೆ. ವಕೀಲರ ನೋಟಿಸಿಗೆ ಎರಡೂವರೆ ಸಾವಿರ ಅಂದರು, ನಾನೇ ಬರೆದೆ. ಬಾಡಿಗೆ ಕಟ್ಟದೆ ಅಡ್ವಾನ್ಸಿನಲ್ಲೇ ಅಡ್ಜಸ್ಟ್ ಮಾಡ್ಕೊ ಅಂತ ಸ್ನೇಹಿತರು ಹೇಳಿದರು. ಬಾಕಿ ಇಟ್ಟುಕೊಂಡು ಕಾನೂನು ಮಾತಾಡಿದರೆ ಯಾರು ಕೇಳ್ತಾರೆ?

ನೋಟಿಸನ್ನು ಒಂದು ತಿಂಗಳು ಮುಂಚೆಯೇ ಅಂಚೆಯಲ್ಲಿ ಕಳಿಸಿ ತಲುಪಿದ ರಸೀದಿ ಇಟ್ಟುಕೊಂಡೆ. ಹೊಸ ಬಾಡಿಗೆದಾರರನ್ನೂ ನಾನೇ ಹುಡುಕಿದೆ. ಓಎಲ್ಎಕ್ಸ್‌ನಲ್ಲಿ ಹಾಕಿದ್ದಕ್ಕೆ ಬಂದ ಕಾಲೆಲ್ಲ ಬ್ರೋಕರ್‌ಗಳದ್ದೇ, ಆದರೆ ಮೂಲೆ ಕಿರಾಣಿ ಅಂಗಡಿಯಲ್ಲಿ ಅಂಟಿಸಿದ ಕೈಬರಹದ ಚೀಟಿ ನೋಡಿ ಮೂರ್ನಾಲ್ಕು ಸಂಸಾರದವರು ಬಂದು ಮನೆ ನೋಡಿ ಒಪ್ಪಿಕೊಂಡು ಹೋದರು. ಅವರ ನಂಬರುಗಳನ್ನು ಓನರ್‌ಗೆ ಬರೆದು ಕಳಿಸಿದೆ. ಇಡೀ ಕೇಸು ನಿಂತಿದ್ದು ಇದರ ಮೇಲೆ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಅಗ್ರಿಮೆಂಟಿನಲ್ಲಿ ಬರೆದ ದಂಡ ಮೇಲ್ಮಿತಿ ಮಾತ್ರ, ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟೇ ಸಿಗುವುದು. ನಷ್ಟ ತಪ್ಪಿಸಿಕೊಳ್ಳೋಕೆ ದಾರಿ ಇತ್ತಾ ಅನ್ನೋದನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಂತ 73ರ ವಿವರಣೆಯಲ್ಲಿದೆ. ಬೇರೆಯವರು ಬರೋಕೆ ರೆಡಿ ಇರುವಾಗ ಆರು ತಿಂಗಳ ನಷ್ಟ ಎಲ್ಲಿಂದ ಬಂತು, ಅಲ್ವಾ?

ಕೀ ಕೊಡುವಾಗ ಗೋಡೆ, ನಲ್ಲಿ, ಕರೆಂಟ್ ಮೀಟರ್ ಎಲ್ಲ ವಿಡಿಯೋ ಮಾಡಿದೆ.

ಆಮೇಲೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟೆ. ಕೇಸು ಹಾಕುವ ಮೊದಲೇ ಕೊಡಬಹುದು, ಫೀಸಿಲ್ಲ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅಪೀಲೂ ಇಲ್ಲ. ಅಲ್ಲಿಂದ ನೋಟಿಸ್ ಹೋಗಿದ್ದೇ ತಡ, ಎಂದೂ ಫೋನ್ ಎತ್ತದ ಓನರ್ ತಾವೇ ಫೋನ್ ಮಾಡಿದರು. ಒಂದು ತಿಂಗಳ ಬಾಡಿಗೆ, ಪೇಂಟಿಂಗ್‌ಗೆ 6 ಸಾವಿರ ಹಿಡಿದು 65 ಸಾವಿರದ ಹತ್ತಿರ ಎರಡು ಕಂತಿನಲ್ಲಿ ಕೊಟ್ಟರು. ಪೇಂಟಿಂಗ್ ದುಡ್ಡು ಜಾಸ್ತಿ ಆಯಿತು, ಆದರೂ ಬಿಟ್ಟೆ.

ನನ್ನ ನೋಟಿಸಿನ ಕೊನೇ ಪ್ಯಾರಾ ಮಾತ್ರ ಇಲ್ಲಿ ಹಾಕುವುದಿಲ್ಲ. ಮುಂದೆ ನನಗೇ ಬೇಕಾಗಬಹುದು.

ಚಿತ್ರದುರ್ಗದ ಮನೆಗೆ ಒಂದು ತಿಂಗಳ ನೋಟಿಸ್ ಸಾಕು, ಇಬ್ಬರಿಗೂ ಅನ್ವಯ ಅಂತ ಬರೆಸಿದ್ದೇನೆ. ಹೊಸ ಓನರ್ ಮುಖ ಸಿಂಡರಿಸಿದರು, ಸಹಿ ಹಾಕಿದರು.