ಪಿರಾನ್ಹಾ ಕೇಳಿದ ಮಗ, ಸಿಲ್ವರ್ ಡಾಲರ್ ತಂದ ನಾನು

ಮನೆಯಲ್ಲಿ ಚೂಪು ಹಲ್ಲಿನ ಪಿರಾನ್ಹಾ ಮೀನು ಇಡಬೇಕು ಎನ್ನುವುದು ಮಗನ ಹಟ. ನನಗೂ ಆಸೆ ಇಲ್ಲದೆ ಇರಲಿಲ್ಲ. ಹಾಗಾಗಿ ಘಾಟ್‌ಕೋಪರ್‌ನಿಂದ ಕುರ್ಲಾ, ಕ್ರಾಫರ್ಡ್ ಮಾರ್ಕೆಟ್ ಅಂತ ಮುಂಬೈಯ ಅಕ್ವೇರಿಯಂ ಅಂಗಡಿಗಳನ್ನು ಸುತ್ತಿದೆವು. ಪಿರಾನ್ಹಾ ಎಂದು ನಮಗೆ ತೋರಿಸಿದ್ದು ಬಹುಪಾಲು ಪಾಕು. ಮೀನು ಮಾರ್ಕೆಟ್‌ನಲ್ಲಿ ರೂಪಚಂದ್ ಎಂದು ಮಾರುತ್ತಾರಲ್ಲ, ಅದೇ. ಮಾಂಜಿ (ಪಾಂಫ್ರೆಟ್) ತಿಂದು ಬೆಳೆದ ನಮ್ಮ ಮನೆಯವರಿಗೆ ಅದು ಸಾರಿಗೂ ಬೇಡ, ಆ ಮಾತು ಬೇರೆ.

ಮರಿಯಲ್ಲಿ ಎರಡೂ ಒಂದೇ ಥರ. ಬೆಳ್ಳಿ ಮೈ, ಕಪ್ಪು ಚುಕ್ಕೆ, ಕೆಂಪು ಹೊಟ್ಟೆ. ಬಣ್ಣ ನಂಬಬೇಡಿ, ಬಾಯಿ ನೋಡಿ. ಪಕ್ಕದಿಂದ ನೋಡಿದರೆ ಪಿರಾನ್ಹಾದ ಮುಖ ಮೊಂಡು, ಕೆಳದವಡೆ ಮುಂದಕ್ಕೆ ಚಾಚಿರುತ್ತದೆ. ಹಲ್ಲು ತ್ರಿಕೋನ, ಬ್ಲೇಡಿನಷ್ಟು ಚೂಪು. ಪಾಕುವಿನ ಹಲ್ಲು ಚಪ್ಪಟೆ, ಮನುಷ್ಯರ ಹಲ್ಲಿನ ಹಾಗೆ. ನೀರಿಗೆ ಬಿದ್ದ ಕಾಯಿ, ಬೀಜ ಒಡೆದು ತಿನ್ನಲು ಅದಕ್ಕೆ ಅಂಥದ್ದೇ ಬೇಕು. "ಓರಿಜಿನಲ್ ಹೈ ಅಂಕಲ್" ಎಂದ ಒಬ್ಬ ಅಂಗಡಿಯವನಿಗೆ, "ಹಾಗಾದರೆ ಸ್ವಲ್ಪ ಪಾಲಕ್ ಹಾಕು, ನೋಡೋಣ" ಎಂದೆ. ನಕ್ಕು ಬೇರೆ ಗಿರಾಕಿ ಕಡೆ ತಿರುಗಿದ.

ಪಾಕು ಬೇಡ ಎಂದಿದ್ದಕ್ಕೆ ಕಾರಣ ಅದರ ಗಾತ್ರ. ಎರಡು ಅಡಿ ದಾಟುವ ಮೀನು ಅದು. ಮುಂಬೈ ಫ್ಲ್ಯಾಟ್‌ನಲ್ಲಿ ನಮಗೇ ಜಾಗ ಸಾಲದು. ದೊಡ್ಡದಾದ ಮೇಲೆ ಜನ ಸುಮ್ನೆ ಹತ್ತಿರದ ಕೆರೆಗೆ ಬಿಟ್ಟು ಬರುತ್ತಾರೆ. ಹೊರದೇಶದ ಮೀನನ್ನು ಹಾಗೆ ಬಿಡುವುದು ಊರ ಮೀನಿಗೆ ಕುತ್ತು. 2018ರ ಕೇರಳದ ನೆರೆಯ ನಂತರ ಅಲ್ಲಿನ ನೀರಿನಲ್ಲಿ ಪಾಕು ಸಿಕ್ಕಿದ್ದೂ ಉಂಟು.

ನಿಜವಾದ ಕೆಂಪು ಹೊಟ್ಟೆಯ ಪಿರಾನ್ಹಾ ಸುಮಾರು ಒಂದು ಅಡಿ ಬೆಳೆಯುತ್ತದೆ. ಒಂಟಿಯಾಗಿಟ್ಟರೆ ಹೆದರಿ ಮೂಲೆ ಸೇರುತ್ತದೆ. ಎರಡು ಮೂರು ಇಟ್ಟರೆ ಒಂದರ ರೆಕ್ಕೆ ಇನ್ನೊಂದು ಕಚ್ಚುತ್ತದೆ. ಗುಂಪಾಗಿ ಇಡಬೇಕೆಂದರೆ ಟ್ಯಾಂಕೇ ಒಂದು ಕೋಣೆ ಕೇಳುತ್ತದೆ. 1913-14ರಲ್ಲಿ ಬ್ರೆಜಿಲ್ ಸುತ್ತಿದ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಇದನ್ನು ಭಾರೀ ಕ್ರೂರಿ ಎಂದು ಬರೆದರು, ಆ ಹೆಸರು ಹಾಗೇ ಉಳಿಯಿತು. ಅಸಲಿಗೆ ಅವು ಗುಂಪು ಕಟ್ಟುವುದು ತಮ್ಮನ್ನು ತಿನ್ನಲು ಬರುವವರ ಭಯಕ್ಕೆ. ಇದನ್ನು ಹೇಳಿದಾಗ ಮಗನ ಉತ್ಸಾಹ ಅರ್ಧ ಇಳಿಯಿತು!

ಕೊನೆಗೆ ತಂದಿದ್ದು ಸಿಲ್ವರ್ ಡಾಲರ್. ಪಿರಾನ್ಹಾ, ಪಾಕು, ಇದು, ಮೂರೂ ಒಂದೇ ಕುಟುಂಬ. ತಟ್ಟೆಯಂತೆ ದುಂಡಗೆ, ಆರು ಇಂಚಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಆರು ಮೀನು ಒಟ್ಟಿಗೆ ತಿರುಗಿದಾಗ ಬೆಳಕು ಹೊಳೆಯುವುದನ್ನು ನೋಡಬೇಕು.

ಟ್ಯಾಂಕ್ ನಾಲ್ಕು ಅಡಿ ಉದ್ದ, ಒಂದೂವರೆ ಅಗಲ, ಎರಡು ಎತ್ತರ. ತುಂಬಿದರೆ ಸುಮಾರು 340 ಲೀಟರ್, ಅಂದರೆ ನೀರೇ 340 ಕಿಲೋ. ಗಾಜು, ಮರಳು, ಸ್ಟ್ಯಾಂಡ್ ಸೇರಿಸಿದರೆ 400 ದಾಟುತ್ತದೆ. ಹಳೇ ಬಿಲ್ಡಿಂಗ್ ನಮ್ಮದು. ಹಾಗಾಗಿ ಹಾಲ್ ನಡುವೆ ಇಡದೆ, ಕೆಳಗೆ ಬೀಮ್ ಹಾದುಹೋಗುವ ಗೋಡೆ ಪಕ್ಕ ಇಟ್ಟೆ.

ಟ್ಯಾಂಕ್ ಇಟ್ಟ ದಿನವೇ ಮೀನು ತಂದು ಬಿಡಲಿಲ್ಲ. ಮೀನಿನ ಹೊಲಸಿನಿಂದ ಅಮೋನಿಯಾ ಆಗುತ್ತದೆ, ಅದು ವಿಷ. ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ನೆಲೆಯಾಗಬೇಕು. ಅದಕ್ಕೆ ನಾಲ್ಕರಿಂದ ಆರು ವಾರ ಬೇಕು. ಖಾಲಿ ಟ್ಯಾಂಕ್‌ಗೆ ಚಿಟಿಕೆ ಮೀನಿನ ಆಹಾರ ಹಾಕುತ್ತಾ, ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುವವರೆಗೆ ಕಾದೆವು. "ಬರೀ ನೀರು ನೋಡೋಕೆ ಇಷ್ಟು ದುಡ್ಡಾ?" ಎಂದು ನನ್ನಾಕೆ ದಿನಾ ಕೇಳುತ್ತಿದ್ದಳು.

ನೀರಿನ ವಿಷಯದಲ್ಲಿ ಮುಂಬೈ ನಮ್ಮ ಕಡೆಗಿದೆ. ಭಾತ್ಸಾ, ತಾನ್ಸಾ, ವೈತರಣಾ ಜಲಾಶಯಗಳಿಂದ ಬರುವುದು ಮಳೆಯ ನೀರು, ಬೋರ್‌ವೆಲ್‌ನಂತೆ ಗಡಸಲ್ಲ. ಅಮೆಜಾನ್ ಕಡೆಯ ಮೀನಿಗೆ ಅದು ಹಿಡಿಸುತ್ತದೆ. ಆದರೆ ಕ್ಲೋರಿನ್ ಇರುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವಾಗ ಆಂಟಿ ಕ್ಲೋರಿನ್ ಹಾಕಿಯೇ ಸುರಿಯುತ್ತೇನೆ. ಫಿಲ್ಟರ್‌ನ ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯುವುದಿಲ್ಲ. ಟ್ಯಾಂಕ್‌ನಿಂದ ತೆಗೆದ ನೀರಿನಲ್ಲೇ ಹಿಂಡುತ್ತೇನೆ, ಇಲ್ಲದಿದ್ದರೆ ಕಾದು ಬೆಳೆಸಿದ ಬ್ಯಾಕ್ಟೀರಿಯಾ ಸಾಯುತ್ತದೆ.

ಹೀಟರ್ ಇಲ್ಲಿ ಜಾಸ್ತಿ ಬೇಕಾಗಿಲ್ಲ, ಜನವರಿಯ ಕೆಲವು ರಾತ್ರಿ ಹಾಕಿದರೆ ಆಯಿತು. ಕಷ್ಟ ಮೇ ತಿಂಗಳದ್ದು. ನೀರು ಬಿಸಿಯಾದಷ್ಟೂ ಅದರಲ್ಲಿ ಆಕ್ಸಿಜನ್ ಕಡಿಮೆ. ಮೀನು ಮೇಲೆ ಬಂದು ಬಾಯಿ ತೆರೆದರೆ ತಡ ಮಾಡಬಾರದು. ನಾನು ಟೇಬಲ್ ಫ್ಯಾನ್ ಅನ್ನು ನೀರಿನ ಮೇಲ್ಮೈಗೆ ತಿರುಗಿಸಿ ಇಡುತ್ತೇನೆ. ಒಂದೆರಡು ಡಿಗ್ರಿ ಇಳಿಯುತ್ತದೆ. ಕರೆಂಟ್ ಹೋದರೆ ಅಂತ ಬ್ಯಾಟರಿ ಏರ್ ಪಂಪ್ ಇದೆ.

ಊಟ ಸುಲಭ. ಪಾಲಕ್ ಬಿಸಿನೀರಲ್ಲಿ ಅದ್ದಿ ಕಲ್ಲಿಗೆ ಕಟ್ಟಿ ಬಿಡುತ್ತೇನೆ, ಸೌತೆ, ಬಟಾಣಿ, ಜೊತೆಗೆ ಪೆಲೆಟ್, ಅಂದರೆ ಮೀನಿನ ಗುಳಿಗೆ ಆಹಾರ. ಬಾಲ್ಕನಿಯ ಬಸಳೆಯನ್ನೂ ಹಾಕಿ ನೋಡಿದೆ, ನಮ್ಮ ಟ್ಯಾಂಕಿನವು ಮೂಸಲೂ ಇಲ್ಲ. ಟ್ಯಾಂಕ್‌ನಲ್ಲಿ ಗಿಡ ನೆಡುವ ಆಸೆ ಮಾತ್ರ ಬಿಟ್ಟುಬಿಡಿ. ಎಲೆ ಉಳಿಯುವುದಿಲ್ಲ. ಮರದ ಬೇರು, ಕಲ್ಲು ಸಾಕು. ಮುಚ್ಚಳ ಗಟ್ಟಿಯಾಗಿರಲಿ, ಬಾಗಿಲು ಬಡಿದರೂ ಬೆಚ್ಚಿ ಹಾರುತ್ತವೆ.

ಉಡುಪಿಗೆ ಹೋಗುವಾಗ ಪಕ್ಕದ ಮನೆಯ ವಹಿನಿಗೆ ಕೀ ಕೊಡುತ್ತೇವೆ. ಮೀನಿನ ಆಹಾರದ ಡಬ್ಬಿ ಮಾತ್ರ ಕೊಡುವುದಿಲ್ಲ. ಒಂದೊಂದು ಹೊತ್ತಿನ ಪೆಲೆಟ್ ಕಾಗದದಲ್ಲಿ ಪೊಟ್ಟಣ ಕಟ್ಟಿ, ದಿನ ಬಿಟ್ಟು ದಿನ ಒಂದೇ ಹಾಕಿ ಎಂದು ಬರೆದಿಡುತ್ತೇನೆ. ಪ್ರೀತಿಯಿಂದ ಹಿಡಿಗಟ್ಟಲೆ ಸುರಿದರೆ ನಾವು ವಾಪಸ್ ಬರುವಷ್ಟರಲ್ಲಿ ನೀರು ಕೊಳೆತಿರುತ್ತದೆ.